ಆಫ್ರಿಕಾದ ಸಂಗೀತ, ನೃತ್ಯ ಹಬ್ಬಕ್ಕೆ ಹೊರಡುವ ಮುಂಚೆ: ಊರು ಆರಿಸುವುದರಿಂದ ವಾಪಸ್ ಬರುವವರೆಗೆ

"ಆಫ್ರಿಕಾದಲ್ಲಿ ಒಂದು ಒಳ್ಳೆಯ ಸಂಗೀತ ಹಬ್ಬ ನೋಡಬೇಕು. ಯಾವಾಗ ಹೋಗಲಿ, ಎಲ್ಲಿಗೆ ಹೋಗಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಹೆಚ್ಚಿನವರು ಸಫಾರಿ ಬುಕ್ ಮಾಡಿ, ನಡುವೆ ಒಂದು ಸಂಜೆ ಖಾಲಿ ಇಟ್ಟುಕೊಂಡು ಕೇಳುತ್ತಾರೆ. ಕ್ರಮ ತಿರುಗಿಸಿಕೊಳ್ಳಿ. ಆನೆ, ಸಿಂಹ ವರ್ಷವಿಡೀ ಇರುತ್ತವೆ. ಹಬ್ಬ ಇರುವುದು ವರ್ಷಕ್ಕೆ ಕೆಲವೇ ದಿನ. ಮೊದಲು ಹಬ್ಬದ ದಿನ ಗೊತ್ತುಮಾಡಿಕೊಳ್ಳಿ, ಮಿಕ್ಕಿದ್ದೆಲ್ಲ ಅದರ ಸುತ್ತ ಹೊಂದಿಸಿ.

ತಯಾರಿಗೆ ಕನಿಷ್ಠ ನಾಲ್ಕು ತಿಂಗಳು ಬೇಕು. ಅವಧಿ ಇರುವ ಪಾಸ್‌ಪೋರ್ಟ್, ಹಳದಿ ಜ್ವರದ ಲಸಿಕೆ, ವೀಸಾ, ಸ್ವಲ್ಪ ಡಾಲರ್, ರಾತ್ರಿ ಎರಡು ಗಂಟೆಯವರೆಗೆ ನಿಲ್ಲಬಲ್ಲ ಕಾಲು. ಇಷ್ಟಿದ್ದರೆ ಶುರುಮಾಡಬಹುದು.

ಹಂತ 1: ಒಂದೇ ಊರು ಆರಿಸಿ

ಆಫ್ರಿಕಾ ಒಂದು ದೇಶವಲ್ಲ. 54 ದೇಶಗಳಿವೆ. ಮೊರಾಕ್ಕೊದ ಹಬ್ಬಕ್ಕೂ ಟಾಂಜಾನಿಯಾದ ಹಬ್ಬಕ್ಕೂ ನಡುವೆ ಇಡೀ ಖಂಡವೇ ಇದೆ. ಒಂದೇ ಪ್ರವಾಸದಲ್ಲಿ ಎರಡು ಹಬ್ಬ ಮುಗಿಸುವ ಯೋಚನೆ ಬಿಡಿ. ನಾನು ನಂಬಿಕೆಯಿಂದ ಹೇಳಬಲ್ಲ ಊರುಗಳು ಇವು.

ಮೊದಲ ಸಲ ಹೋಗುವವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಟಾಂಜಾನಿಯಾಗೆ ಸೇರಿದ ದ್ವೀಪ ಜಾಂಜಿಬಾರ್‌ನ ಸೌತಿ ಜಾ ಬುಸಾರಾ. ಅಲ್ಲಿನ ಸ್ವಾಹಿಲಿ ಭಾಷೆಯಲ್ಲಿ 'ವಿವೇಕದ ದನಿಗಳು' ಎಂದರ್ಥ. 2004ರಲ್ಲಿ ಶುರುವಾದ ಹಬ್ಬ. ಸಾಮಾನ್ಯವಾಗಿ ಫೆಬ್ರವರಿಯಲ್ಲಿ, ಸ್ಟೋನ್ ಟೌನ್ ಎಂಬ ಹಳೇ ಪೇಟೆಯಲ್ಲಿ ನಡೆಯುತ್ತದೆ. ಮುಖ್ಯ ವೇದಿಕೆ ಇರುವುದು ಸಮುದ್ರದ ಎದುರಿನ ಹಳೇ ಕೋಟೆಯೊಳಗೆ. ಆ ಕೋಟೆಗೆ ಅಲ್ಲಿನವರು ಎನ್‌ಗೋಮೆ ಕೊಂಗ್ವೆ ಎನ್ನುತ್ತಾರೆ. ರೆಕಾರ್ಡ್ ಹಾಕಿ ತುಟಿ ಆಡಿಸುವುದಕ್ಕೆ ಇಲ್ಲಿ ಜಾಗವಿಲ್ಲ, ಎಲ್ಲವನ್ನೂ ವೇದಿಕೆಯಲ್ಲೇ ನುಡಿಸಬೇಕು, ಹಾಡಬೇಕು. ಊರು ಚಿಕ್ಕದು, ನಡೆದೇ ಸುತ್ತಬಹುದು. ಹೊಸಬರಿಗೆ ಇದಕ್ಕಿಂತ ಸುಲಭದ ಹಬ್ಬ ಸಿಗುವುದು ಕಷ್ಟ.

ಕೂತು ಆಳವಾಗಿ ಕೇಳುವ ಅಭ್ಯಾಸ ಇರುವವರು ಮೊರಾಕ್ಕೊದ ಎಸ್ಸಾವೀರಾಗೆ ಹೋಗಿ. ಅಲ್ಲಿನ ಗ್ನಾವಾ ಹಬ್ಬ 1998ರಿಂದ ಇದೆ, ಬಹುಮಟ್ಟಿಗೆ ಜೂನ್ ಎರಡನೇ ಅರ್ಧದಲ್ಲಿ ಬರುತ್ತದೆ. ಸಹಾರಾದ ಆಚೆಯಿಂದ ಗುಲಾಮರಾಗಿ ಬಂದವರ ಪೀಳಿಗೆ ಉಳಿಸಿಕೊಂಡ ಸಂಗೀತ ಗ್ನಾವಾ. 2019ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೊಡ್ಡ ಬಯಲು ವೇದಿಕೆಗಳಿಗೆ ಟಿಕೆಟ್ ಇಲ್ಲ. ಒಳಾಂಗಣದ ಚಿಕ್ಕ ಕಛೇರಿಗಳಿಗೆ ಇದೆ. ಆ ಟಿಕೆಟ್‌ಗೆ ಹಣ ಕೊಡಿ, ಖಂಡಿತ ಸಾರ್ಥಕ.

ನೃತ್ಯವೇ ಮುಖ್ಯ ಎನ್ನುವವರಿಗೆ ದಕ್ಷಿಣ ಆಫ್ರಿಕಾದ ಡರ್ಬನ್. ಅಲ್ಲಿನ ಜೋಂಬಾ ಸಮಕಾಲೀನ ನೃತ್ಯೋತ್ಸವವನ್ನು ಕ್ವಾಜುಲು-ನಟಾಲ್ ವಿಶ್ವವಿದ್ಯಾಲಯದ ಕಲಾ ಕೇಂದ್ರ 1998ರಿಂದ ನಡೆಸುತ್ತಿದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ಶುರುವಿನ ಹಬ್ಬ. ಥಿಯೇಟರ್‌ನಲ್ಲಿ ಕೂತು ನೋಡುವಂಥದ್ದು. ಭಾರತೀಯ ಮೂಲದವರು ತುಂಬಾ ಇರುವ ಊರು, ಹಾಗಾಗಿ ಸಸ್ಯಾಹಾರಕ್ಕೆ ಒದ್ದಾಡಬೇಕಿಲ್ಲ.

ಇನ್ನು ಕೇಪ್ ಟೌನ್ ಜಾಝ್ ಹಬ್ಬ ಮಾರ್ಚ್ ಮತ್ತು ಮೇ ನಡುವೆ ಬರುತ್ತದೆ. ಎಲ್ಲ ವ್ಯವಸ್ಥೆ ಅಚ್ಚುಕಟ್ಟು, ಜನ ಜಾಸ್ತಿ. ನೈಜೀರಿಯಾದ ಲಾಗೋಸ್‌ನ ಫೆಲಾಬ್ರೇಷನ್, ಆಫ್ರೋಬೀಟ್ ಎಂಬ ಸಂಗೀತ ಶೈಲಿ ಕಟ್ಟಿದ ಫೆಲಾ ಕುಟಿ ಹುಟ್ಟಿದ ಅಕ್ಟೋಬರ್ 15ರ ಸುತ್ತ ವಾರವಿಡೀ ನಡೆಯುತ್ತದೆ. ಆದರೆ ಲಾಗೋಸ್ ಹೊಸಬರ ಊರಲ್ಲ. ಅಲ್ಲಿ ಗುರುತಿನವರು ಇದ್ದರೆ ಮಾತ್ರ ಹೋಗಿ. ಮಾಲಿ ದೇಶದ ಸೆಗು ಪಟ್ಟಣದಲ್ಲಿ ನೈಜರ್ ನದಿ ದಂಡೆಯ ಹಬ್ಬ 2005ರಿಂದ ಪ್ರಸಿದ್ಧ. ಅಲ್ಲಿನ ಸಂಗೀತದ ಮೇಲೆ ನನಗೆ ಎಷ್ಟು ಪ್ರೀತಿ ಇದ್ದರೂ, ಈಗಿನ ಹಿಂಸಾಚಾರದ ನಡುವೆ ಯಾರಿಗೂ ಅಲ್ಲಿಗೆ ಹೋಗಿ ಎಂದು ಹೇಳಲಾರೆ.

ಹಂತ 2: ದಿನಾಂಕ ಖಚಿತವಾಗುವವರೆಗೆ ಹಣ ಕಟ್ಟಬೇಡಿ

ಎಲ್ಲರೂ ಎಡವುವುದು ಇಲ್ಲೇ. ಹೋದ ವರ್ಷದ ದಿನಾಂಕ ನೋಡಿ ಈ ವರ್ಷದ ವಿಮಾನ ಬುಕ್ ಮಾಡುತ್ತಾರೆ.

ಮುಸ್ಲಿಂ ಬಹುಸಂಖ್ಯಾತ ಊರುಗಳಲ್ಲಿ ರಂಜಾನ್ ಲೆಕ್ಕ ಮುಖ್ಯ. ಅದು ಚಾಂದ್ರಮಾನದ ತಿಂಗಳು, ಪ್ರತಿ ವರ್ಷ ಹತ್ತು, ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2027ರಲ್ಲಿ ರಂಜಾನ್ ಫೆಬ್ರವರಿ 8ರ ಆಸುಪಾಸಿನಲ್ಲೇ ಶುರುವಾಗುತ್ತದೆ. ಹಾಗಾಗಿ "ಜಾಂಜಿಬಾರ್ ಹಬ್ಬ ಅಂದರೆ ಫೆಬ್ರವರಿ ಮಧ್ಯ" ಎಂದು ಸುಮ್ನೆ ಅಂದುಕೊಂಡು ಆಫೀಸಿಗೆ ರಜೆ ಬರೆಯಬೇಡಿ. ಹಬ್ಬದವರ ಸ್ವಂತ ಜಾಲತಾಣದಲ್ಲಿ ಆ ವರ್ಷದ ದಿನಾಂಕ ಕಂಡ ಮೇಲಷ್ಟೇ ಮುಂದಿನ ಮಾತು.

ರದ್ದಾಗುವ ಸಾಧ್ಯತೆಯೂ ತಲೆಯಲ್ಲಿರಲಿ. ಈ ಹಬ್ಬಗಳು ಬಹುಪಾಲು ದೇಣಿಗೆ, ಪ್ರಾಯೋಜಕರ ಮೇಲೆ ನಿಂತಿವೆ. ಹಣ ಸಾಲದೆ ಸೌತಿ ಜಾ ಬುಸಾರಾ 2016ರಲ್ಲಿ ನಡೆಯಲೇ ಇಲ್ಲ. ಮರುವರ್ಷ ಮತ್ತೆ ಶುರುವಾಯಿತು. ಆದ್ದರಿಂದ ದಿನ ಬದಲಿಸಬಹುದಾದ ವಿಮಾನ ಟಿಕೆಟ್, ರದ್ದು ಮಾಡಬಹುದಾದ ಕೋಣೆ ತೆಗೆದುಕೊಳ್ಳಿ. ಸ್ವಲ್ಪ ಜಾಸ್ತಿ ಬಿದ್ದರೂ ಪರವಾಗಿಲ್ಲ.

ಹಂತ 3: ವೀಸಾ ಮತ್ತು ವಿಮೆ

ಪಾಸ್‌ಪೋರ್ಟ್‌ಗೆ ಪ್ರವಾಸ ಮುಗಿದ ಮೇಲೂ ಆರು ತಿಂಗಳು ಅವಧಿ ಇರಲಿ, ಎರಡು ಮೂರು ಪುಟ ಖಾಲಿ ಇರಲಿ.

ಟಾಂಜಾನಿಯಾಗೆ ಇ-ವೀಸಾ ಇದೆ. ಸಾಮಾನ್ಯ ಪ್ರವಾಸಿ ವೀಸಾಗೆ 50 ಡಾಲರ್. ಜಾಂಜಿಬಾರ್‌ಗೆ ಬೇರೆ ವೀಸಾ ಬೇಡ, ಆದರೆ ಬೇರೆ ವಿಮೆ ಬೇಕು. 2024ರ ಅಕ್ಟೋಬರ್‌ನಿಂದ ವಿದೇಶಿ ಪ್ರವಾಸಿಗರೆಲ್ಲ ಅಲ್ಲಿನ ಸರ್ಕಾರಿ ವಿಮಾ ಸಂಸ್ಥೆಯ ಪಾಲಿಸಿ ಕೊಳ್ಳುವುದು ಕಡ್ಡಾಯ. ದೊಡ್ಡವರಿಗೆ 44 ಡಾಲರ್. "ನನ್ನ ಹತ್ತಿರ ಇಂಡಿಯಾದ ಟ್ರಾವೆಲ್ ಇನ್ಶೂರೆನ್ಸ್ ಇದೆ" ಎಂದರೆ ಅದರ ಬದಲಿಗೆ ನಡೆಯುವುದಿಲ್ಲ. ಹೊರಡುವ ಮುಂಚೆ ಆನ್‌ಲೈನ್‌ನಲ್ಲಿ ಕಟ್ಟಿ, ರಸೀದಿ ಪ್ರಿಂಟ್ ಮಾಡಿಕೊಳ್ಳಿ.

ವೀಸಾ ಅರ್ಜಿ ಹಾಕುವಾಗ ಎಚ್ಚರ. ಹುಡುಕಿದಾಗ ಮೊದಲು ಕಾಣುವ ಜಾಲತಾಣ ಎಷ್ಟೋ ಸಲ ಏಜೆಂಟರದ್ದು. ನೋಡಲು ಸರ್ಕಾರದ್ದೇ ಅನಿಸುತ್ತದೆ, ಶುಲ್ಕ ಮಾತ್ರ ದುಪ್ಪಟ್ಟು. ವಿಳಾಸದ ಕೊನೆಯಲ್ಲಿ ಆ ದೇಶದ ಸರ್ಕಾರದ ಗುರುತು ಇದೆಯಾ ನೋಡಿ.

ಇನ್ನೊಂದು ಗೊಂದಲ ಪೂರ್ವ ಆಫ್ರಿಕಾದ ಜಂಟಿ ಪ್ರವಾಸಿ ವೀಸಾದ್ದು. ಅದು ಕೀನ್ಯಾ, ಉಗಾಂಡಾ, ರುವಾಂಡಾಗಳಿಗೆ ಮಾತ್ರ. ಟಾಂಜಾನಿಯಾ ಅದರಲ್ಲಿ ಇಲ್ಲ. ಇದು ಗೊತ್ತಿಲ್ಲದೆ ಜಾಂಜಿಬಾರ್ ನಿಲ್ದಾಣದಲ್ಲಿ ನಿಂತುಬಿಟ್ಟರೆ ಫಜೀತಿ.

ಮೊರಾಕ್ಕೊ ನಮ್ಮವರಿಗೆ ಇ-ವೀಸಾ ಕೊಡುತ್ತದೆ. ದಕ್ಷಿಣ ಆಫ್ರಿಕಾಗೆ ಎರಡು ತಿಂಗಳು ಮುಂಚೆಯೇ ಅರ್ಜಿ ಹಾಕಿ. ನಮ್ಮ ವಿದೇಶಾಂಗ ಸಚಿವಾಲಯ ಆ ದೇಶದ ಬಗ್ಗೆ ಹೊರಡಿಸಿದ ಎಚ್ಚರಿಕೆಗಳನ್ನು ಅರ್ಜಿಗೆ ಮುಂಚೆ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ಓದಿ.

ಹಂತ 4: ಹಳದಿ ಜ್ವರದ ಲಸಿಕೆ. ಇದನ್ನು ನಿಧಾನವಾಗಿ ಓದಿ

ಹಳದಿ ಜ್ವರ ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ. ಭಾರತದಲ್ಲಿ ಇದು ಇಲ್ಲ, ಆದರೆ ಹರಡುವ ಸೊಳ್ಳೆ ಧಾರಾಳವಾಗಿದೆ. ಅದಕ್ಕೇ ನಮ್ಮ ಸರ್ಕಾರ ಇಷ್ಟು ಬಿಗಿ. ಹಳದಿ ಜ್ವರದ ದೇಶಗಳ ಪಟ್ಟಿಯೊಂದಿದೆ. ಅದರಲ್ಲಿರುವ ದೇಶದಿಂದ ಲಸಿಕೆಯ ಪ್ರಮಾಣಪತ್ರ ಇಲ್ಲದೆ ಬಂದರೆ ನಿಮ್ಮನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

"ನಾನು ಹೋಗುವ ದೇಶ ಪಟ್ಟಿಯಲ್ಲಿ ಇಲ್ಲ" ಎಂದು ಹಲವರು ಸುಮ್ಮನಾಗುತ್ತಾರೆ. ಆದರೆ ವಿಮಾನ ಎಲ್ಲಿ ಬದಲಿಸುತ್ತೀರಿ? ಅಡಿಸ್ ಅಬಾಬಾ ಅಥವಾ ನೈರೋಬಿ ಆದರೆ ಇಥಿಯೋಪಿಯಾ, ಕೀನ್ಯಾ ಎರಡೂ ಪಟ್ಟಿಯಲ್ಲಿವೆ. ನಿಲ್ದಾಣದ ಹೊರಗೆ ಕಾಲಿಡಲಿಲ್ಲ ಎಂದು ವಾದಿಸಬಹುದು, ಒಪ್ಪುವುದು ಬಿಡುವುದು ಆ ಹೊತ್ತಿನ ಆರೋಗ್ಯಾಧಿಕಾರಿಯ ಕೈಯಲ್ಲಿ. ಟಾಂಜಾನಿಯಾದವರೂ ಪಟ್ಟಿಯ ದೇಶಗಳಲ್ಲಿ ಹನ್ನೆರಡು ಗಂಟೆ ಮೀರಿ ತಂಗಿ ಬಂದವರನ್ನು ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ. ಲಸಿಕೆ ಹಾಕಿಸಿಕೊಂಡುಬಿಡಿ, ನೆಮ್ಮದಿ.

ಹೇಗೆ? ಇದು ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ. ಕೇಂದ್ರ ಸರ್ಕಾರ ಒಪ್ಪಿದ ಕೇಂದ್ರಗಳಲ್ಲಿ ಮಾತ್ರ. ಕೆಲವು ಕಡೆ ವಾರದ ಗೊತ್ತಾದ ದಿನಗಳಲ್ಲಷ್ಟೇ ಕೊಡುತ್ತಾರೆ, ಮೊದಲೇ ಹೆಸರು ಬರೆಸಬೇಕು. ಅಸಲಿ ಪಾಸ್‌ಪೋರ್ಟ್ ಒಯ್ಯಿರಿ, ಏಕೆಂದರೆ ಅದರ ಸಂಖ್ಯೆಯನ್ನೇ ಪ್ರಮಾಣಪತ್ರವಾಗಿ ಕೊಡುವ ಹಳದಿ ಪುಸ್ತಕದಲ್ಲಿ ಬರೆಯುತ್ತಾರೆ. ಬರೆದ ಸಂಖ್ಯೆ, ಹೆಸರಿನ ಅಕ್ಷರ, ಮೊಹರು ಎಲ್ಲ ಅಲ್ಲೇ ನಿಂತು ಒಮ್ಮೆ ನೋಡಿಕೊಳ್ಳಿ. ಒಂದು ಅಂಕಿ ತಪ್ಪಿದರೂ ಆಮೇಲೆ ರಗಳೆ.

ಪ್ರಮಾಣಪತ್ರಕ್ಕೆ ಬೆಲೆ ಬರುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ. ಹೊರಡುವ ಹಿಂದಿನ ದಿನ ಹಾಕಿಸಿದರೆ ಏನೂ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿದರೆ ಜೀವಮಾನವಿಡೀ ನಡೆಯುತ್ತದೆ. ಮೊಟ್ಟೆ ಅಲರ್ಜಿ ಇರುವವರು, 60 ದಾಟಿದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿ ತೆಗೆದುಕೊಳ್ಳುವವರು ಮೊದಲು ನಿಮ್ಮ ವೈದ್ಯರ ಹತ್ತಿರ ಮಾತಾಡಿ. ಮಲೇರಿಯಾ ತಡೆ ಮಾತ್ರೆ ಬೇಕಾ ಎಂದೂ ಅಲ್ಲೇ ಕೇಳಿಬಿಡಿ.

ಹಂತ 5: ದಾರಿ ಮತ್ತು ತಂಗುವ ಜಾಗ

ಬೆಂಗಳೂರಿನಿಂದ ಅಡಿಸ್ ಅಬಾಬಾ ಮೂಲಕ ಜಾಂಜಿಬಾರ್‌ಗೆ ಹೋಗಬಹುದು. ಗಲ್ಫ್ ಮೂಲಕವೂ ದಾರಿ ಇದೆ. ಟಾಂಜಾನಿಯಾದ ಮುಖ್ಯ ಭೂಭಾಗದ ದಾರ್ ಎಸ್ ಸಲಾಮ್‌ನಲ್ಲಿ ಇಳಿದರೆ ವೇಗದ ಹಡಗಿನಲ್ಲಿ ಸುಮಾರು ಎರಡು ಗಂಟೆ. ಎಸ್ಸಾವೀರಾಗೆ ಮರ್ರಾಕೇಶ್‌ನಿಂದ ಬಸ್ಸಿನಲ್ಲಿ ಮೂರು ಗಂಟೆ ಹಾದಿ. ಹಬ್ಬದ ವಾರ ಸೀಟು ಬೇಗ ತುಂಬುತ್ತದೆ.

ಹಬ್ಬಕ್ಕೆ ಎರಡು ದಿನ ಮುಂಚೆ ತಲುಪಿ. ಸೌತಿ ಜಾ ಬುಸಾರಾ ಶುರುವಾಗುವುದು ಬೀದಿ ಮೆರವಣಿಗೆಯಿಂದ, ಅದಕ್ಕೆ ದುಡ್ಡಿಲ್ಲ. ತಮಟೆ, ತುತ್ತೂರಿ, ಕುಣಿತದ ತಂಡಗಳೆಲ್ಲ ಊರೊಳಗೆ ಹಾಯ್ದು ಕೋಟೆ ಕಡೆ ಬರುತ್ತವೆ. ತಡವಾಗಿ ಬಂದವರು ಕಳೆದುಕೊಳ್ಳುವುದು ಇದನ್ನೇ.

ಕೋಣೆ ವೇದಿಕೆಯಿಂದ ನಡೆಯುವಷ್ಟು ದೂರದಲ್ಲಿರಲಿ. ದ್ವೀಪದ ಆಚೆ ಕಡಲತೀರದ ರೆಸಾರ್ಟ್ ಅಗ್ಗ ಎಂದು ಅಲ್ಲಿ ಉಳಿದರೆ ರಾತ್ರಿ ಒಂದು ಗಂಟೆಗೆ ಟ್ಯಾಕ್ಸಿಗೆ ಕಾಯುತ್ತೀರಿ, ಕೊನೆಯ ಒಳ್ಳೆಯ ಕಛೇರಿ ಬಿಟ್ಟು ಏಳುತ್ತೀರಿ. ಸ್ಟೋನ್ ಟೌನ್‌ನ ಗಲ್ಲಿಗಳು ಒಂದರೊಳಗೊಂದು ಸುತ್ತಿಕೊಂಡಿವೆ, ಫೋನಿನ ನಕ್ಷೆಯೂ ತಬ್ಬಿಬ್ಬಾಗುತ್ತದೆ. ಹಗಲಲ್ಲೇ ಕೋಟೆಯಿಂದ ಕೋಣೆಗೆ ಎರಡು ಸಲ ನಡೆದು, ಬಾಗಿಲು, ಅಂಗಡಿ ಗುರುತು ಮಾಡಿಕೊಳ್ಳಿ.

ಹಂತ 6: ಹಣ ಮತ್ತು ಚೀಲ

ಯುಪಿಐ ನಂಬಿ ಹೋಗಬೇಡಿ. ಸ್ವಲ್ಪ ಡಾಲರ್, ಒಂದು ಕಾರ್ಡ್ ಇರಲಿ. ಪೂರ್ವ ಆಫ್ರಿಕಾದಲ್ಲಿ 2006ಕ್ಕಿಂತ ಹಳೆಯ ಡಾಲರ್ ನೋಟು, ಹರಿದದ್ದು, ಗೀಚಿದ್ದು ತೆಗೆದುಕೊಳ್ಳದವರೇ ಹೆಚ್ಚು. ಇಲ್ಲಿ ಬದಲಿಸುವಾಗಲೇ ಹೊಸ ನೋಟು ಕೇಳಿ ಪಡೆಯಿರಿ. ಟಾಂಜಾನಿಯಾದಲ್ಲಿ ಊಟ, ಟ್ಯಾಕ್ಸಿಗೆ ಅಲ್ಲಿನ ಹಣವಾದ ಶಿಲ್ಲಿಂಗ್ ಬಳಸಿ. ಮೊರಾಕ್ಕೊದ ದಿರ್ಹಮ್ ಅಲ್ಲಿ ಇಳಿದ ಮೇಲೆ ತೆಗೆದುಕೊಳ್ಳಿ.

ನಮ್ಮವರು ಸಿಕ್ಕಿಬೀಳುವ ಇನ್ನೊಂದು ಜಾಗ ಪ್ಲಾಸ್ಟಿಕ್ ಚೀಲ. ಟಾಂಜಾನಿಯಾ 2019ರ ಜೂನ್‌ನಿಂದ, ಕೀನ್ಯಾ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿವೆ. ಪ್ರವಾಸಿಗಳ ಸಾಮಾನಿಗೂ ಇದು ಅನ್ವಯ. ಚಪ್ಪಲಿ ಸುತ್ತಿದ್ದು, ಅಮ್ಮ ಚಟ್ನಿಪುಡಿ ಕಟ್ಟಿಕೊಟ್ಟ ಅಂಗಡಿ ಕವರ್ ಎಲ್ಲ ತೆಗೆದು ಬಟ್ಟೆ ಚೀಲ, ಡಬ್ಬಿಗೆ ಹಾಕಿ.

ಪ್ಲಗ್ ಬೇರೆ ಬೇರೆ. ಟಾಂಜಾನಿಯಾದಲ್ಲಿ ಇಂಗ್ಲೆಂಡ್ ಥರದ ಮೂರು ಚಪ್ಪಟೆ ಕಡ್ಡಿ, ಮೊರಾಕ್ಕೊದಲ್ಲಿ ಎರಡು ದುಂಡು ಕಡ್ಡಿ. ದಕ್ಷಿಣ ಆಫ್ರಿಕಾದ ಹಳೇ ನಮೂನೆ ನಮ್ಮ ಗೀಸರ್‌ನ ದಪ್ಪ ಪ್ಲಗ್ ಥರವೇ. ಎಸ್ಸಾವೀರಾ ಗಾಳಿಯ ಊರು. ಜೂನ್‌ನಲ್ಲೂ ರಾತ್ರಿ ಜಾಕೆಟ್ ಇಲ್ಲದೆ ನಿಲ್ಲಲಾಗದು. ಸ್ಪೀಕರ್ ಹತ್ತಿರ ನಿಲ್ಲುವವರು ಕಿವಿಗೆ ಇಡುವ ಬೆಂಡು ಮರೆಯಬೇಡಿ.

ಹಂತ 7: ಹಬ್ಬದ ಒಳಗೆ

ಮೊದಲು ಗಡಿಯಾರದ ವಿಷಯ. ಸ್ವಾಹಿಲಿ ಆಡುವವರು ಗಂಟೆ ಎಣಿಸುವುದು ಬೆಳಗಿನ ಆರರಿಂದ, ಸಂಜೆಯ ಆರರಿಂದ. ನಮ್ಮ ಹಿರಿಯರು ಸೂರ್ಯ ಹುಟ್ಟಿದ ಮೇಲೆ ಗಳಿಗೆ ಎಣಿಸುತ್ತಿದ್ದರಲ್ಲ, ಹಾಗೆ. 'ಸಾ ಮೋಜಾ' ಎಂದರೆ ಪದಕ್ಕೆ ಪದ ಒಂದು ಗಂಟೆ, ಆದರೆ ನಮ್ಮ ಏಳು. 'ಸಾ ತಾತು ಉಸಿಕು' ಎಂದರೆ ರಾತ್ರಿ ಒಂಬತ್ತು. ಅಚ್ಚಾದ ಕಾರ್ಯಕ್ರಮ ಪಟ್ಟಿಯಲ್ಲಿ ನಮ್ಮ ಗಡಿಯಾರವೇ ಇರುತ್ತದೆ. ಚಾಲಕರು, ಅಂಗಡಿಯವರು ಬಾಯಲ್ಲಿ ಹೇಳುವಾಗ ಮಾತ್ರ ಗೊಂದಲ. ಆರು ಗಂಟೆ ವ್ಯತ್ಯಾಸ ಅನಿಸಿದರೆ ಬೆರಳಿನಲ್ಲಿ ತೋರಿಸಿ ಕೇಳಿ.

ಸ್ವಾಹಿಲಿ ಪೂರ್ತಿ ಪರಕೀಯವೇನಲ್ಲ. ದುಡ್ಡಿಗೆ ಪೆಸಾ, ಅಂಗಡಿಗೆ ದುಕಾ, ವಾಹನಕ್ಕೆ ಗಾರಿ, ವಿಮೆಗೆ ಬಿಮಾ, ಜೊತೆಗೆ ಚಾಯ್, ಚಪಾತಿ. ಹಾಯಿಹಡಗಿನ ಕಾಲದ ವ್ಯಾಪಾರ ಬಿಟ್ಟುಹೋದ ಮಾತುಗಳಿವು. ಎನ್‌ಗೋಮಾ ಎಂಬ ಪದ ಕಲಿಯಿರಿ. ಡೋಲು, ಕುಣಿತ, ಆ ಇಡೀ ಕೂಟ ಮೂರಕ್ಕೂ ಅದೊಂದೇ ಹೆಸರು. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳ ದಮಾಮಿ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಅಲ್ಲೂ ಬಡಿತ ಬೇರೆ, ಕುಣಿತ ಬೇರೆ ಅಲ್ಲ ಅಲ್ವಾ?

ಜಾಂಜಿಬಾರ್‌ನಲ್ಲಿ ಕೇಳಲೇಬೇಕಾದದ್ದು ತಾರಬ್. ಅರಬ್ಬಿ ವಾದ್ಯಮೇಳದ ಜೊತೆ ಸ್ವಾಹಿಲಿ ಕವಿತೆ ಹಾಡುವ ಪದ್ಧತಿ. ಊದ್ ಎಂಬ ತಂತಿವಾದ್ಯ, ಕಾನೂನ್, ಪಿಟೀಲು, ಅಕಾರ್ಡಿಯನ್ ಇರುತ್ತವೆ. ಕಾನೂನ್ ಎಂದರೆ ಮಡಿಲಲ್ಲಿಟ್ಟು ಮೀಟುವ, ನಮ್ಮ ಸ್ವರಮಂಡಲದಂಥ ವಾದ್ಯ. ಕೀನ್ಯಾದ ಮೊಂಬಾಸಾ ಕಡೆಯ ಹಾಡುಗಾರರು ಹಿಂದಿ ಸಿನಿಮಾ ಧಾಟಿಗೆ ಸ್ವಾಹಿಲಿ ಮಾತು ಹೊಂದಿಸಿಯೂ ಹಾಡಿದ್ದಾರೆ. ತಾರಬ್ ನಡೆಯುವಾಗ ವೇದಿಕೆ ಮಾತ್ರ ನೋಡಬೇಡಿ, ಜನರನ್ನೂ ನೋಡಿ. ಒಬ್ಬ ಹೆಂಗಸು ಎದ್ದು, ಬೆರಳ ಸಂದಿಯಲ್ಲಿ ನೋಟು ಹಿಡಿದು, ನಿಧಾನವಾಗಿ ತೂಗುತ್ತಾ ಮುಂದೆ ಬರುತ್ತಾರೆ. ಹಾಡುಗಾರ್ತಿಯ ಕೈಗೆ ನೋಟು ಇಟ್ಟು, ಹಾಗೇ ತೂಗುತ್ತಾ ಹಿಂತಿರುಗುತ್ತಾರೆ. ಬರೀ ಮೆಚ್ಚುಗೆ ಅಲ್ಲ ಅದು. ಎಷ್ಟೋ ಸಲ 'ಈ ಸಾಲು ನನ್ನ ಮಾತು, ಕೇಳಬೇಕಾದವರು ಕೇಳಿಸಿಕೊಳ್ಳಲಿ' ಎಂಬ ಅರ್ಥ. ಅಂಥ ಹೊತ್ತಲ್ಲಿ ಅವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಎಸ್ಸಾವೀರಾದಲ್ಲಿ ಕೇಳುವ ಕ್ರಮವೇ ಬೇರೆ. ಗುರುವಿಗೆ ಮಾಲೆಮ್ ಎನ್ನುತ್ತಾರೆ, ಅವರ ಕೈಯಲ್ಲಿ ಗಿಂಬ್ರಿ ಇರುತ್ತದೆ. ಒಂದೇ ಮರದ ತುಂಡು ಕೊರೆದು, ಒಂಟೆ ಚರ್ಮ ಬಿಗಿದು, ಮೂರು ತಂತಿ ಕಟ್ಟಿದ ವಾದ್ಯ. ಬಲಗೈ ನೋಡಿ: ತಂತಿ ಮೀಟುತ್ತಲೇ ಅದೇ ಕೈ ಚರ್ಮದ ಮೇಲೆ ಬಡಿಯುತ್ತದೆ. ಒಂದೇ ವಾದ್ಯದಲ್ಲಿ ಸ್ವರವೂ ತಾಳವೂ. ಅದರ ಕುತ್ತಿಗೆ ತುದಿಯ ತಗಡಿನ ಬಳೆಗಳು ಸಣ್ಣಗೆ ಝೇಂಕರಿಸುತ್ತವೆ. ಶುರುವಿನಲ್ಲಿ ಗಿಂಬ್ರಿ ಒಂಟಿ. ಆಮೇಲೆ ಮಾಲೆಮ್ ಒಂದು ಸಾಲು ಹೇಳಿದರೆ ತಂಡ ಉತ್ತರಿಸುತ್ತದೆ. ಕ್ರಾಕೆಬ್ ಎಂಬ ಕಬ್ಬಿಣದ ದೊಡ್ಡ ಚಿಟಿಕೆಗಳು ಸೇರುತ್ತವೆ. ಲಯ ಏರುವುದು ಗೊತ್ತೇ ಆಗುವುದಿಲ್ಲ, ಏರಿರುತ್ತದೆ. ಐದು ನಿಮಿಷ ಕೇಳಿ "ಒಂದೇ ಥರ ಇದೆ" ಎಂದು ಎದ್ದು ಹೋಗಬೇಡಿ. ಇಪ್ಪತ್ತು ನಿಮಿಷ ಕೊಡಿ. ಲೀಲಾ ಎಂಬ ಮಾತೂ ಕಿವಿಗೆ ಬೀಳುತ್ತದೆ. ಅರಬ್ಬಿಯಲ್ಲಿ ರಾತ್ರಿ ಎಂದರ್ಥ, ನಮ್ಮ ಲೀಲೆಗೂ ಅದಕ್ಕೂ ಸಂಬಂಧವಿಲ್ಲ. ರಾತ್ರಿಯಿಡೀ ನಡೆಯುವ ಗ್ನಾವಾಗಳ ಪೂಜಾವಿಧಿ ಅದು, ಮೈಮೇಲೆ ಬರುವುದೂ ಉಂಟು. ಯಾರಾದರೂ ಕರೆದರೆ ಭಕ್ತಿಯ ಜಾಗಕ್ಕೆ ಹೋಗುವ ಹಾಗೆ ಹೋಗಿ. ಫೋನು ಜೇಬಲ್ಲೇ ಇರಲಿ.

ಎರಡೂ ಊರಲ್ಲಿ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ. ಗಂಡಸರಿಗೂ ಈ ಮಾತು. ಸಸ್ಯಾಹಾರಿಗಳು 'ಬಿಲಾ ನ್ಯಾಮಾ, ಬಿಲಾ ಸಮಾಕಿ' ಕಲಿಯಿರಿ: ಮಾಂಸ ಇಲ್ಲದೆ, ಮೀನು ಇಲ್ಲದೆ. ಕೋಟೆ ಎದುರಿನ ಫೊರೊಧಾನಿ ತೋಟದಲ್ಲಿ ಸಂಜೆ ತಿಂಡಿ ಸಾಲು ಹಚ್ಚುತ್ತಾರೆ, ಕಬ್ಬಿನಹಾಲೂ ಸಿಗುತ್ತದೆ. ತೆಂಗಿನಹಾಲಿನಲ್ಲಿ ಬೇಯಿಸಿದ ಮಹರಾಗೆ ಎಂಬ ಹುರುಳಿಕಾಯಿ ಬೀಜದ ಸಾರು, ಚಪಾತಿ ಇದ್ದರೆ ಹೊಟ್ಟೆಗೆ ಸಾಕು. ಮೊರಾಕ್ಕೊದಲ್ಲಿ ತಜೀನ್ ಎಂಬ ಮಣ್ಣಿನ ಪಾತ್ರೆಯ ಅಡುಗೆ ಬರೀ ತರಕಾರಿಯದ್ದಾದರೂ ಮಾಂಸದ ರಸ ಹಾಕುವುದುಂಟು, ಕೇಳಿಯೇ ತಿನ್ನಿ.

ಹಂತ 8: ವಾಪಸ್ ಬರುವಾಗ

ತಂಡದವರೇ ಮಾರುವ ಸಿ.ಡಿ., ಬಟ್ಟೆ ಇದ್ದರೆ ಅವರ ಕೈಯಿಂದಲೇ ಕೊಳ್ಳಿ, ಹಣ ನೇರ ಅವರಿಗೆ ಸೇರುತ್ತದೆ. ಚರ್ಮದ ಡೋಲು ತರಬೇಕೆಂದು ಆಸೆಯಾಗುತ್ತದೆ, ಆದರೆ ಕಸ್ಟಮ್ಸ್‌ನಲ್ಲಿ ತಕರಾರು ಬರಬಹುದು. ಹವಳ, ಆಮೆಚಿಪ್ಪು, ಕಡಲ ಚಿಪ್ಪು ಮುಟ್ಟಲೇಬೇಡಿ.

ಲಸಿಕೆಯ ಹಳದಿ ಪುಸ್ತಕವನ್ನು ದೊಡ್ಡ ಚೀಲದಲ್ಲಿ ಹಾಕಿ ವಿಮಾನಕ್ಕೆ ಒಪ್ಪಿಸಬೇಡಿ. ಪಾಸ್‌ಪೋರ್ಟ್ ಒಳಗೇ ಇಟ್ಟುಕೊಳ್ಳಿ. ನಮ್ಮ ನಿಲ್ದಾಣದಲ್ಲಿ ಆರೋಗ್ಯ ತಪಾಸಣೆಯ ಮೇಜು ಇರುವುದು ಇಮಿಗ್ರೇಷನ್‌ಗೆ ಮುಂಚೆ. ನಿಮ್ಮ ದೊಡ್ಡ ಚೀಲ ಸಿಗುವುದು ಅದಾದ ಮೇಲೆ.